ಈಮೇಲ್‌ಗೆ ಬೀಗ ಹಾಕಿದ ಮೇಲೂ ಹೊರಗೆ ಉಳಿಯುವುದು

ಕೆಲವು ವರ್ಷಗಳ ಹಿಂದೆ ಅಕ್ಕನ ಬಯಾಪ್ಸಿ ವರದಿಯನ್ನು ಅಣ್ಣನಿಗೆ ಕಳಿಸಬೇಕಿತ್ತು. ವಿಷಯ ಸದ್ಯಕ್ಕೆ ನಮ್ಮ ಮೂವರಲ್ಲೇ ಇರಲಿ ಅಂತ ಅಕ್ಕ ಹೇಳಿದ್ದಳು. ಅಣ್ಣ ಬಳಸುತ್ತಿದ್ದದ್ದು ಆಫೀಸಿನ ಈಮೇಲ್. ಅಲ್ಲಿನ ಕಂಪ್ಯೂಟರ್ ವಿಭಾಗದವರು ಬೇಕಾದರೆ ಅದನ್ನು ತೆರೆದು ನೋಡಬಹುದು ಅಂತ ಅವನೇ ಹೇಳಿದ್ದ. ಅದಕ್ಕೇ ಇಬ್ಬರೂ ಒಂದು ಸಂಜೆ ಕೂತು ಎನ್‌ಕ್ರಿಪ್ಷನ್, ಅಂದರೆ ಕೀ ಇದ್ದವರಿಗೆ ಮಾತ್ರ ಓದಲು ಬರುವ ಹಾಗೆ ಬರಹಕ್ಕೆ ಹಾಕುವ ಬೀಗ, ಹೊಂದಿಸಿಕೊಂಡೆವು. ವರದಿ ಬೀಗ ಹಾಕಿಸಿಕೊಂಡು ಹೋಯಿತು. ಅಣ್ಣ ತೆರೆದು ಓದಿದ. ಎಲ್ಲ ಸರಿಯಾಯಿತು ಅಂದುಕೊಂಡು ಮಲಗಿದೆ.

ಮರುದಿನ ಕಳಿಸಿದ ಕಾಗದಗಳ ಪಟ್ಟಿ ನೋಡುವಾಗ ಎದೆ ಧಸಕ್ಕೆಂದಿತು. ವಿಷಯದ ಸಾಲಿನಲ್ಲಿ 'ಅಕ್ಕನ ಬಯಾಪ್ಸಿ ರಿಪೋರ್ಟ್' ಅಂತ ಬರೆದಿದ್ದೆ. ಒಳಗಿನ ವರದಿಗೆ ಬೀಗ ಬಿದ್ದಿತ್ತು. ಆ ಸಾಲಿಗೆ ಬಿದ್ದಿರಲಿಲ್ಲ. ಅಕ್ಕ ಮುಚ್ಚಿಡಲು ಹೇಳಿದ್ದ ವಿಷಯವೆಲ್ಲ ಆ ಒಂದು ಸಾಲಿನಲ್ಲೇ ಇತ್ತು.

ಎನ್‌ಕ್ರಿಪ್ಷನ್ ಕಲಿಸುವ ಬರಹಗಳಲ್ಲಿ ಹೆಚ್ಚಿನವು ಕೀ ಮಾಡುವುದು ಹೇಗೆ, ಯಾವ ಗುಂಡಿ ಒತ್ತಬೇಕು ಅನ್ನುವಲ್ಲಿಗೆ ಮುಗಿಯುತ್ತವೆ. ಹೊಸಬರು ಅದಕ್ಕಿಂತ ಮೊದಲು ಬೀಗದ ಹೊರಗೆ ಏನೇನು ಉಳಿಯುತ್ತದೆ ಅನ್ನುವುದನ್ನು ತಿಳಿಯಬೇಕು ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಬೀಗದ ಹಿಂದಿನ ಗಣಿತ ತುಂಬಾ ಬಲವಾದದ್ದು. ಸರಿಯಾಗಿ ಬಳಸಿದರೆ ಅದನ್ನು ನೇರವಾಗಿ ಒಡೆಯಲು ಯಾರೂ ಹೋಗುವುದಿಲ್ಲ. ಪಕ್ಕದಲ್ಲಿ ತೆರೆದೇ ಇರುವ ಕಿಟಕಿಯಿಂದ ಬರುತ್ತಾರೆ.

ದಾರಿಯ ಬೀಗ

ಈಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿ 1982ರದು. ಆಗ ನೆಟ್‌ವರ್ಕ್ ಬಳಸುತ್ತಿದ್ದವರು ಸಂಶೋಧಕರ ಒಂದು ಸಣ್ಣ ಬಳಗ. ಗುಟ್ಟು ಕಾಯುವ ಯೋಚನೆ ಅದರಲ್ಲಿ ಇರಲಿಲ್ಲ. ಬರೆದ ಕಾಗದ ಬರೆದ ಹಾಗೇ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ದಾರಿಯಲ್ಲಿ ತಂತಿಗೆ ಕೈ ಹಾಕಿದವರೆಲ್ಲ ಓದಬಹುದಿತ್ತು.

1999ರಲ್ಲಿ ಇದಕ್ಕೊಂದು ತೇಪೆ ಬಂತು. ಅದರ ಹೆಸರು ಸ್ಟಾರ್ಟ್‌ಟಿಎಲ್‌ಎಸ್. ಎರಡು ಸರ್ವರ್‌ಗಳು ಮಾತು ಶುರು ಮಾಡುವಾಗ 'ನನಗೆ ಎನ್‌ಕ್ರಿಪ್ಷನ್ ಬರುತ್ತದೆ, ನಿನಗೆ?' ಅಂತ ಕೇಳಿಕೊಳ್ಳುತ್ತವೆ. ಇಬ್ಬರಿಗೂ ಬಂದರೆ ಮುಂದಿನ ಮಾತೆಲ್ಲ ಮುಚ್ಚಿದ ಕೊಳವೆಯಲ್ಲಿ ನಡೆಯುತ್ತದೆ. ಬರದಿದ್ದರೆ? ಕಾಗದ ತೆರೆದೇ ಹೋಗುತ್ತದೆ. ತಲುಪದೆ ಇರುವುದಕ್ಕಿಂತ ತೆರೆದು ತಲುಪುವುದೇ ವಾಸಿ ಅನ್ನುವ ಲೆಕ್ಕ ಅದು.

ತೊಂದರೆ ಇರುವುದು ಇಲ್ಲೇ. ಆ ಮೊದಲ ಪ್ರಶ್ನೋತ್ತರವೇ ತೆರೆದ ದಾರಿಯಲ್ಲಿ ನಡೆಯುತ್ತದೆ. ನಡುವೆ ಕೂತ ಯಂತ್ರವೊಂದು 'ನನಗೆ ಬರುತ್ತದೆ' ಅನ್ನುವ ಸಾಲನ್ನು ಅಳಿಸಿಬಿಟ್ಟರೆ ಮುಗಿಯಿತು. ಆ ಕಡೆಯವರಿಗೆ ಎನ್‌ಕ್ರಿಪ್ಷನ್ ಬರುವುದಿಲ್ಲ ಅಂತ ಕಳಿಸುವ ಸರ್ವರ್ ನಂಬುತ್ತದೆ, ಕಾಗದವನ್ನು ತೆರೆದೇ ಕಳಿಸುತ್ತದೆ. ಇದು ಬರೀ ಊಹೆಯಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಟ್ಯುನೀಷಿಯಾದಿಂದ ಜಿಮೇಲ್‌ಗೆ ಬರುತ್ತಿದ್ದ ಕಾಗದಗಳಲ್ಲಿ ಶೇಕಡಾ 96ರಷ್ಟು ಹೀಗೇ ಬೀಗ ಕಳಚಿಕೊಂಡು ಬರುತ್ತಿದ್ದವು. ಕಳಿಸಿದವರಿಗೂ ಗೊತ್ತಾಗುತ್ತಿರಲಿಲ್ಲ, ಓದಿದವರಿಗೂ ಗೊತ್ತಾಗುತ್ತಿರಲಿಲ್ಲ. ಇದನ್ನು ತಡೆಯಲು 2018ರಲ್ಲಿ ಎಂಟಿಎ-ಎಸ್‌ಟಿಎಸ್ ಎಂಬ ನಿಯಮ ಬಂತು. 'ನನಗೆ ಕಳಿಸುವುದಾದರೆ ಬೀಗ ಹಾಕಿಯೇ ಕಳಿಸಿ' ಅಂತ ಒಂದು ಸರ್ವರ್ ಮುಂಚೆಯೇ ಸಾರಿಡುವ ಏರ್ಪಾಡು ಅದು. ಆದರೆ ಎರಡೂ ಕಡೆಯವರು ಅದನ್ನು ಪಾಲಿಸಿದರೆ ಮಾತ್ರ ಉಪಯೋಗ.

ಇವತ್ತು ದೊಡ್ಡ ಸೇವೆಗಳ ನಡುವೆ ಓಡಾಡುವ ಈಮೇಲ್‌ಗೆ ಈ ದಾರಿಯ ಬೀಗ ಇದ್ದೇ ಇರುತ್ತದೆ. ನೀವು ಏನೂ ಮಾಡಬೇಕಿಲ್ಲ. ಹಾಗಾದರೆ ಇಷ್ಟೇ ಸಾಕಲ್ವಾ ಅಂತ ಅನಿಸಬಹುದು. ಸಾಲುವುದಿಲ್ಲ. ಈ ಬೀಗ ಇರುವುದು ಕೊಳವೆಗೆ. ಪ್ರತಿ ಸರ್ವರ್‌ನಲ್ಲೂ ಕಾಗದ ಹೊರಗೆ ಬಂದು, ಓದಲು ಬರುವ ರೂಪದಲ್ಲಿ ನಿಂತು, ಮತ್ತೆ ಮುಂದಿನ ಕೊಳವೆಗೆ ಇಳಿಯುತ್ತದೆ. ಕೊನೆಗೆ ಅದು ಕೂರುವ ಪೆಟ್ಟಿಗೆಯ ಕೀ ಇರುವುದು ಸೇವೆ ಕೊಡುವ ಕಂಪನಿಯ ಹತ್ತಿರ. ಜಾಹೀರಾತು ಹೊಂದಿಸಲು ಜಿಮೇಲ್ ಕಾಗದಗಳ ಒಳಗಿನ ಮಾತನ್ನು ಯಂತ್ರದಿಂದ ಜಾಲಾಡುವುದನ್ನು ನಿಲ್ಲಿಸುತ್ತೇವೆ ಅಂತ ಗೂಗಲ್ ಹೇಳಿದ್ದು 2017ರಲ್ಲಿ. ನಿಲ್ಲಿಸಿದ್ದು ಒಳ್ಳೆಯದೇ. ಆದರೆ ನಿಲ್ಲಿಸುತ್ತೇವೆ ಅನ್ನಬೇಕಾದರೆ ಓದುವ ಶಕ್ತಿ ಅವರ ಕೈಯಲ್ಲಿ ಇತ್ತು ಅಂತಲೇ ಅರ್ಥ. ಅದು ಈಗಲೂ ಇದೆ. 2018ರಲ್ಲಿ ಬಂದ ಜಿಮೇಲ್‌ನ 'ಕಾನ್ಫಿಡೆನ್ಷಿಯಲ್ ಮೋಡ್' ಅನ್ನು ಬಹಳ ಜನ ಎನ್‌ಕ್ರಿಪ್ಷನ್ ಅಂದುಕೊಂಡಿದ್ದಾರೆ. ಅದು ಫಾರ್ವರ್ಡ್ ಮಾಡುವುದನ್ನು, ಡೌನ್‌ಲೋಡ್ ಮಾಡುವುದನ್ನು ತಡೆಯುತ್ತದೆ, ಕಾಗದಕ್ಕೊಂದು ಗಡುವು ಹಾಕುತ್ತದೆ, ಅಷ್ಟೇ. ಕಾಗದ ಗೂಗಲ್ ಸರ್ವರ್‌ನಲ್ಲೇ ಅವರಿಗೆ ಓದಲು ಬರುವ ಹಾಗೇ ಇರುತ್ತದೆ.

ಕಾಗದದ ಬೀಗ

ಕೊಳವೆಯನ್ನು ಬಿಟ್ಟು ಕಾಗದಕ್ಕೇ ಬೀಗ ಹಾಕುವುದು ಇನ್ನೊಂದು ದಾರಿ. ಬರೆಯುವವರ ಕಂಪ್ಯೂಟರ್‌ನಲ್ಲಿ ಬಿದ್ದ ಬೀಗ ಓದುವವರ ಕಂಪ್ಯೂಟರ್‌ನಲ್ಲೇ ತೆರೆಯುತ್ತದೆ. ಇದನ್ನೇ ಎಂಡ್-ಟು-ಎಂಡ್ ಅನ್ನುತ್ತಾರೆ.

ಇದು ಸಾಧ್ಯವಾದದ್ದು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಮುಂದಿಟ್ಟ ಒಂದು ಯೋಚನೆಯಿಂದ. ಅದಕ್ಕೆ ಮೊದಲು ಗುಟ್ಟಾಗಿ ಬರೆಯಬೇಕೆಂದರೆ ಇಬ್ಬರ ಹತ್ತಿರವೂ ಒಂದೇ ಕೀ ಇರಬೇಕಿತ್ತು. ಆ ಕೀಯನ್ನು ಗುಟ್ಟಾಗಿ ಕೊಡುವುದು ಹೇಗೆ ಅನ್ನುವುದೇ ಸಮಸ್ಯೆ. ಹೊಸ ಯೋಚನೆಯಲ್ಲಿ ಕೀಗಳು ಜೋಡಿಯಾಗಿ ಬರುತ್ತವೆ. ಒಂದು ಬೀಗದ ಹಾಗೆ, ಇನ್ನೊಂದು ಬೀಗದ ಕೈ ಹಾಗೆ. ಒತ್ತಿದರೆ ಕಟಕ್ಕನೆ ಬಿದ್ದುಬಿಡುವ ಬೀಗಗಳಿರುತ್ತವಲ್ಲ, ಅದನ್ನು ನೆನೆಸಿಕೊಳ್ಳಿ. ಹಾಕಲು ಬೀಗದ ಕೈ ಬೇಡ, ತೆಗೆಯಲು ಬೇಕು. ಅಂಥ ಬೀಗಗಳನ್ನು ನೀವು ಊರಿಗೆಲ್ಲ ಹಂಚಬಹುದು. ಯಾರು ಬೇಕಾದರೂ ಅದನ್ನು ಹಾಕಿ ನಿಮಗೆ ಪೆಟ್ಟಿಗೆ ಕಳಿಸಬಹುದು. ತೆರೆಯುವ ಕೈ ನಿಮ್ಮ ಹತ್ತಿರ ಮಾತ್ರ. ಹಂಚುವುದು ಪಬ್ಲಿಕ್ ಕೀ, ಇಟ್ಟುಕೊಳ್ಳುವುದು ಪ್ರೈವೇಟ್ ಕೀ. ಮರುವರ್ಷ, 1977ರಲ್ಲಿ, ರಿವೆಸ್ಟ್, ಶಮೀರ್, ಆಡಲ್‌ಮನ್ ಸೇರಿ ಇದಕ್ಕೆ ಕೆಲಸ ಮಾಡುವ ಗಣಿತ ಕೊಟ್ಟರು. ಅವರ ಹೆಸರಿನ ಮೊದಲಕ್ಷರಗಳೇ ಆರ್‌ಎಸ್‌ಎ.

ಇದನ್ನು ಸಾಮಾನ್ಯ ಜನರ ಕೈಗೆ ತಂದವರು ಫಿಲ್ ಝಿಮ್ಮರ್‌ಮನ್. 1991ರಲ್ಲಿ ಅವರು ಪಿಜಿಪಿ ಎಂಬ ಪ್ರೋಗ್ರಾಂ ಬರೆದು ಉಚಿತವಾಗಿ ಹಂಚಿದರು. ಬಲವಾದ ಎನ್‌ಕ್ರಿಪ್ಷನ್ ಅನ್ನು ಅಮೆರಿಕ ಆಗ ಶಸ್ತ್ರಾಸ್ತ್ರಗಳ ಸಾಲಿಗೆ ಸೇರಿಸಿತ್ತು. ಅನುಮತಿ ಇಲ್ಲದೆ ರಫ್ತು ಮಾಡಿದ ಅನುಮಾನದ ಮೇಲೆ ಅವರ ಮೇಲೆ ತನಿಖೆ ನಡೆಯಿತು. 1995ರಲ್ಲಿ ಎಂಐಟಿ ಪ್ರೆಸ್ ಪಿಜಿಪಿಯ ಇಡೀ ಕೋಡನ್ನು ಪುಸ್ತಕವಾಗಿ ಅಚ್ಚು ಹಾಕಿತು, ಅಚ್ಚಾದ ಪುಸ್ತಕವನ್ನು ಶಸ್ತ್ರಾಸ್ತ್ರ ಅಂತ ತಡೆಯುವುದು ಕಷ್ಟವಿತ್ತು. 1996ರಲ್ಲಿ ಮೊಕದ್ದಮೆ ಹೂಡದೆ ತನಿಖೆ ಕೈಬಿಟ್ಟರು. ಇವತ್ತು ನೀವು ಈಮೇಲ್ ಎನ್‌ಕ್ರಿಪ್ಟ್ ಮಾಡಿದರೆ ಬಹುಪಾಲು ಅದೇ ವಂಶದ ಓಪನ್‌ಪಿಜಿಪಿ ಬಳಸುತ್ತಿರುತ್ತೀರಿ. ಎಸ್/ಮೈಮ್ ಎಂಬ ಇನ್ನೊಂದು ಪದ್ಧತಿಯೂ ಇದೆ. ಅದರಲ್ಲಿ ಯಾವುದೋ ಒಂದು ಪ್ರಮಾಣಪತ್ರ ಸಂಸ್ಥೆ ನಿಮ್ಮ ಕೀಗೆ ಸಾಕ್ಷಿ ಹಾಕುತ್ತದೆ. ದೊಡ್ಡ ಕಂಪನಿಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಅದು ಜಾಸ್ತಿ.

ಬಳಸುವುದು ಈಗ ಮೊದಲಿನಷ್ಟು ಕಷ್ಟವಿಲ್ಲ. ಥಂಡರ್‌ಬರ್ಡ್ ಎಂಬ ಈಮೇಲ್ ಪ್ರೋಗ್ರಾಂನಲ್ಲಿ 2020ರಿಂದ ಓಪನ್‌ಪಿಜಿಪಿ ಒಳಗೇ ಇದೆ. ಕೀ ಮಾಡಿಕೊಂಡು, ಎದುರಿನವರ ಪಬ್ಲಿಕ್ ಕೀ ಸೇರಿಸಿಕೊಂಡು, ಎನ್‌ಕ್ರಿಪ್ಟ್ ಗುಂಡಿ ಒತ್ತಿದರೆ ಆಯಿತು. ಹಾಗೆ ಬೀಗ ಬಿದ್ದ ಕಾಗದವನ್ನು ಸುಮ್ನೆ ಬ್ರೌಸರ್‌ನಲ್ಲಿ ತೆರೆದು ನೋಡಿ. 'ಬಿಗಿನ್ ಪಿಜಿಪಿ ಮೆಸೇಜ್' ಎಂಬ ಒಂದು ಸಾಲು, ಕೆಳಗೆ ಅಕ್ಷರ, ಅಂಕಿಗಳ ಗುಡ್ಡೆ. ಕೆಲವು ಸಲ ಬರೀ ಒಂದು ಲಗತ್ತು. ಸರ್ವರ್ ನಡೆಸುವವರಿಗೆ ಕಾಣುವುದೂ ಅಷ್ಟೇ. ನನಗೆ ಮೊದಲ ಸಲ ಅದನ್ನು ನೋಡಿದಾಗ ನಿಜಕ್ಕೂ ಸಮಾಧಾನವಾಗಿತ್ತು.

ಬೀಗ ಯಾರದು?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಪ್ರೋಗ್ರಾಂ ಬರೆಯುವವರಿಗೂ ಇದನ್ನು ನಮ್ಮ ಪರವಾಗಿ ಪೂರ್ತಿ ಬಗೆಹರಿಸಲು ಆಗಿಲ್ಲ.

ಅಣ್ಣನ ಹೆಸರಿನಲ್ಲಿ ನಿಮಗೊಂದು ಪಬ್ಲಿಕ್ ಕೀ ಸಿಕ್ಕಿತು ಅನ್ನಿ. ಅದು ಅಣ್ಣನದೇ ಅಂತ ಹೇಗೆ ಗೊತ್ತು? ಯಾರು ಬೇಕಾದರೂ ಯಾವ ಹೆಸರಿನಲ್ಲಿ ಬೇಕಾದರೂ ಕೀ ಮಾಡಬಹುದು. ಪ್ರೋಗ್ರಾಂ ಗುರುತಿನ ಚೀಟಿ ಕೇಳುವುದಿಲ್ಲ. ಪಬ್ಲಿಕ್ ಕೀಗಳನ್ನು ಎಲ್ಲರಿಗೂ ಸಿಗುವ ಹಾಗೆ ಇಡುವ ಹಳೆಯ ಕೀ ಸರ್ವರ್‌ಗಳಲ್ಲಿ ಅಂಥ ಕೀಯನ್ನು ಯಾರ ಹೆಸರಿಗೂ ಏರಿಸಬಹುದಿತ್ತು, ಅಳಿಸಲು ದಾರಿಯೇ ಇರಲಿಲ್ಲ. 2019ರಲ್ಲಿ ಯಾರೋ ಈ ಸರ್ವರ್‌ಗಳಲ್ಲಿದ್ದ ಪಿಜಿಪಿ ತಜ್ಞರಿಬ್ಬರ ಕೀಗಳಿಗೆ, 'ಈ ಕೀ ಇವರದೇ' ಅಂತ ಬೇರೆಯವರು ಹಾಕುವ ಸಾಕ್ಷಿ ಸಹಿಗಳನ್ನು ಲಕ್ಷಕ್ಕೂ ಮೀರಿ ತುಂಬಿದರು. ಆ ಕೀ ತಂದುಕೊಂಡವರ ಪ್ರೋಗ್ರಾಂ ಕೆಲಸ ನಿಲ್ಲಿಸುವ ಹಾಗಾಯಿತು. ಆ ವರ್ಷವೇ ಶುರುವಾದ ಹೊಸ ಕೀ ಸರ್ವರ್ ಒಂದು, ಈಮೇಲ್ ವಿಳಾಸ ನಿಮ್ಮದೇ ಅಂತ ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ಕೀ ಜೊತೆ ತೋರಿಸುತ್ತದೆ. ಎಷ್ಟೋ ವಾಸಿ. ಆದರೂ ನಿಮ್ಮ ಈಮೇಲ್ ಖಾತೆಗೆ ನುಗ್ಗಿದವರು ಆ ಪರೀಕ್ಷೆಯನ್ನೂ ದಾಟುತ್ತಾರೆ.

ನಡುವಿನವರು ತಮ್ಮ ಕೀಯನ್ನು ಅಣ್ಣನದು ಅಂತ ನಿಮಗೆ ಕೊಟ್ಟರೆ ಏನಾಗುತ್ತದೆ ನೋಡಿ. ನೀವು ಬೀಗ ಹಾಕುತ್ತೀರಿ. ಅವರು ತೆರೆದು ಓದುತ್ತಾರೆ. ಅಣ್ಣನ ನಿಜವಾದ ಬೀಗ ಹಾಕಿ ಅವನಿಗೆ ಕಳಿಸುತ್ತಾರೆ. ಅಣ್ಣನಿಗೂ ಬೀಗ ಹಾಕಿದ ಕಾಗದವೇ ಬರುತ್ತದೆ. ಎರಡೂ ಪರದೆಗಳಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಇದಕ್ಕಿರುವ ಮದ್ದು ಫಿಂಗರ್‌ಪ್ರಿಂಟ್. ಪ್ರತಿ ಕೀಗೂ ಒಂದು ಗುರುತು ಇರುತ್ತದೆ, ಸಾಮಾನ್ಯವಾಗಿ 40 ಅಕ್ಷರ-ಅಂಕಿಗಳದ್ದು. ನಾಲ್ಕು ನಾಲ್ಕರ ಹತ್ತು ಗುಂಪುಗಳಾಗಿ ಕಾಣುತ್ತದೆ. ಈಮೇಲ್ ಬಿಟ್ಟು ಬೇರೆ ದಾರಿಯಲ್ಲಿ, ಎದುರಿಗೆ ಕೂತು ಅಥವಾ ದನಿ ಗೊತ್ತಿರುವ ಫೋನಿನಲ್ಲಿ, ಅದನ್ನು ತಾಳೆ ನೋಡಬೇಕು. ನಾನೂ ಅಣ್ಣನೂ ಫೋನಿನಲ್ಲಿ ಓದಿಕೊಂಡೆವು. ಮೂರನೇ ಗುಂಪಿನಲ್ಲೇ ತಪ್ಪಿತು. ಅವನು 'ಡಿ' ಅಂದದ್ದು ನನಗೆ 'ಬಿ' ಅಂತ ಕೇಳಿಸಿತ್ತು. ಆಮೇಲೆ ಅವನು 'ಡಬ್ಬದ ಡಿ, ಬಳಪದ ಬಿ' ಅಂತ ಬಿಡಿಸಿ ಹೇಳುತ್ತಾ ಹೋದ. ಎರಡು ನಿಮಿಷವೂ ಹಿಡಿಯಲಿಲ್ಲ. ಕೊನೆಯ 8 ಅಕ್ಷರ ಹೊಂದಿದರೆ ಸಾಕು ಅಂತ ಬಿಡಬೇಡಿ. ಅಷ್ಟು ಮಾತ್ರ ಹೊಂದುವ ನಕಲಿ ಕೀಯನ್ನು ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಕೆಲವೇ ಸೆಕೆಂಡುಗಳಲ್ಲಿ ಹುಡುಕಿಬಿಡುತ್ತದೆ. ನಲವತ್ತನ್ನೂ ಓದಿ. ಈ ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡಲು ನಿಮಗೆ ಸಮಯವಿದ್ದರೆ ಇದನ್ನೇ ಮಾಡಿ.

ಎದುರಿನವರು 'ಹೊಸ ಕೀ ಮಾಡಿಕೊಂಡಿದ್ದೇನೆ, ಇದನ್ನು ಬಳಸಿ' ಅಂತ ಈಮೇಲ್ ಮಾಡಿದರೂ ಇದೇ ಮಾತು. ಮೊದಲು ಫೋನ್ ಮಾಡಿ.

ಲಕೋಟೆಯ ಮೇಲಿನ ಬರಹ

ಯಾರಿಂದ, ಯಾರಿಗೆ, ಯಾವಾಗ, ಎಷ್ಟು ದೊಡ್ಡದು. ಇದ್ಯಾವುದಕ್ಕೂ ಪಿಜಿಪಿ ಬೀಗ ಬೀಳುವುದಿಲ್ಲ. ಬೀಳಲು ಸಾಧ್ಯವೂ ಇಲ್ಲ, ವಿಳಾಸ ಓದಲು ಬರದಿದ್ದರೆ ಸರ್ವರ್ ಕಾಗದವನ್ನು ಎಲ್ಲಿಗೆ ಒಯ್ಯಬೇಕು? ವಿಷಯದ ಸಾಲು ಹಾಗಲ್ಲ. ಅದಕ್ಕೆ ಬೀಗ ಹಾಕಬಹುದಿತ್ತು, ಆದರೆ ಹಳೆಯ ಪದ್ಧತಿಯಲ್ಲಿ ಅದೂ ಲಕೋಟೆಯ ಮೇಲೇ ಉಳಿದುಹೋಯಿತು. ಈಗಿನ ಥಂಡರ್‌ಬರ್ಡ್ ವಿಷಯದ ಸಾಲನ್ನೂ ಒಳಗೆ ಸೇರಿಸಿ ಹೊರಗೆ ಮೂರು ಚುಕ್ಕಿ ಇಡುತ್ತದೆ. ಎಲ್ಲ ಪ್ರೋಗ್ರಾಂಗಳೂ ಹಾಗೆ ಮಾಡುವುದಿಲ್ಲ. ನಿಮ್ಮದು ಮಾಡುತ್ತದೋ ಇಲ್ಲವೋ ತಿಳಿಯಬೇಕಾದರೆ ನಿಮಗೆ ನೀವೇ ಒಂದು ಕಾಗದ ಕಳಿಸಿಕೊಂಡು ಬ್ರೌಸರ್‌ನಲ್ಲಿ ನೋಡಿ. ನಾನು ಆ ದಿನ ಇಷ್ಟು ಮಾಡಿದ್ದರೆ ಸಾಕಿತ್ತು.

ವಿಳಾಸ ಕಂಡರೆ ಏನಾಯಿತು ಅಂತ ಹಗುರವಾಗಿ ನೋಡಬೇಡಿ. ಒಬ್ಬರು ಸೋಮವಾರ ಒಂದು ಪ್ರಯೋಗಾಲಯದಿಂದ ಕಾಗದ ಪಡೆದರು, ಅದೇ ಸಂಜೆ ಕ್ಯಾನ್ಸರ್ ತಜ್ಞರಿಗೆ ಬರೆದರು, ಮರುದಿನ ವಿಮೆ ಕಂಪನಿಗೆ ಬರೆದರು. ಒಳಗಿನ ಒಂದು ಪದವನ್ನೂ ಓದದೆ ಕತೆ ತಿಳಿಯುತ್ತದೆ. ಸುದ್ದಿ ಮೂಲಗಳನ್ನು ಕಾಯಬೇಕಾದ ಪತ್ರಕರ್ತರಿಗೆ ಮೂಲ ಯಾರು ಅನ್ನುವುದೇ ಗುಟ್ಟು. ಆ ಗುಟ್ಟು ಈಮೇಲ್‌ನಲ್ಲಿ ಲಕೋಟೆಯ ಮೇಲೇ ಬರೆದಿರುತ್ತದೆ.

ಎರಡು ತುದಿಗಳು

ಎಂಡ್-ಟು-ಎಂಡ್ ಅಂದರೆ ತುದಿಯಿಂದ ತುದಿಗೆ. ತುದಿಯಲ್ಲಿ ಕಾಗದ ತೆರೆದೇ ಇರಬೇಕು, ಇಲ್ಲದಿದ್ದರೆ ಓದುವುದು ಹೇಗೆ? ಕಂಪ್ಯೂಟರ್‌ಗೆ ಕೆಟ್ಟ ಸಾಫ್ಟ್‌ವೇರ್ ಹೊಕ್ಕಿದ್ದರೆ ಅದು ನಿಮ್ಮ ಜೊತೆಗೇ ಓದುತ್ತದೆ. ಅಷ್ಟು ದೂರವೂ ಹೋಗಬೇಕಿಲ್ಲ. ನೀವು ಬೀಗ ಹಾಕಿ ಕಳಿಸುತ್ತೀರಿ, ಎದುರಿನವರು ತೆರೆದು, 'ನೋಡಿದೆ, ನಾಳೆ ಮಾತಾಡೋಣ' ಅಂತ ಬೀಗ ಹಾಕದೆ ಉತ್ತರ ಕೊಡುತ್ತಾರೆ. ಆ ಒಂದು ಸಾಲಿನ ಕೆಳಗೆ ನಿಮ್ಮ ಇಡೀ ಕಾಗದ ತೆರೆದುಕೊಂಡು ಕೂತಿರುತ್ತದೆ. ನಾನು ಕಂಡ ಸೋರಿಕೆಗಳಲ್ಲಿ ಇದೇ ಜಾಸ್ತಿ. ಬರೆಯುತ್ತಿರುವಾಗ ಡ್ರಾಫ್ಟ್ ತಾನಾಗಿ ಸರ್ವರ್‌ಗೆ ಉಳಿಯುವುದು ಇನ್ನೊಂದು. ಅದು ಎನ್‌ಕ್ರಿಪ್ಟ್ ಆಗಿ ಉಳಿಯುವ ಹಾಗೆ ಸೆಟ್ಟಿಂಗ್ ಇದೆಯೇ ನೋಡಿಕೊಳ್ಳಿ.

ತುದಿಯಲ್ಲಿರುವ ಪ್ರೋಗ್ರಾಂ ಕೂಡ ಕೈಕೊಡಬಹುದು. 2018ರ ಮೇ ತಿಂಗಳಲ್ಲಿ ಯುರೋಪಿನ ಸಂಶೋಧಕರು ಇಫೇಲ್ ಎಂಬ ದಾಳಿಯನ್ನು ಬಯಲು ಮಾಡಿದರು. ನಿಮ್ಮ ಬೀಗ ಹಾಕಿದ ಹಳೆಯ ಕಾಗದ ಒಬ್ಬರ ಕೈಗೆ ಸಿಕ್ಕಿದೆ ಅನ್ನಿ. ಅವರು ಅದನ್ನು ಒಂದು ಚಿತ್ರದ ವಿಳಾಸದೊಳಗೆ ಸುತ್ತಿ ನಿಮಗೇ ಮತ್ತೆ ಕಳಿಸುತ್ತಾರೆ. ನಿಮ್ಮ ಪ್ರೋಗ್ರಾಂ ನಂಬಿಕೆಯಿಂದ ಬೀಗ ತೆರೆಯುತ್ತದೆ, ಆಮೇಲೆ ಆ ಚಿತ್ರ ತರಲು ಹೊರಡುತ್ತದೆ. ತರಲು ಹೋಗುವ ವಿಳಾಸದಲ್ಲೇ ತೆರೆದ ಬರಹ ಸೇರಿಕೊಂಡು ಅವರ ಸರ್ವರ್‌ಗೆ ಮುಟ್ಟುತ್ತದೆ. ಗಣಿತ ಒಡೆಯಲಿಲ್ಲ, ಕೀ ಕದಿಯಲಿಲ್ಲ. ಪ್ರೋಗ್ರಾಂಗಳನ್ನು ಆಮೇಲೆ ಸರಿಪಡಿಸಿದರು. ಹೊರಗಿನ ಚಿತ್ರಗಳನ್ನು ತಾನಾಗಿ ತರಿಸಬೇಡ ಅಂತ ಸೆಟ್ಟಿಂಗ್ ಹಾಕಿಡಿ, ಪ್ರೋಗ್ರಾಂ ಅಪ್‌ಡೇಟ್ ಮಾಡುತ್ತಿರಿ.

ಕಾಲವೂ ಒಂದು ತುದಿಯೇ. ಪಿಜಿಪಿಯಲ್ಲಿ ಒಂದೇ ಕೀ ವರ್ಷಗಟ್ಟಲೆ ನಡೆಯುತ್ತದೆ. ಬೀಗ ಹಾಕಿದ ಕಾಗದಗಳನ್ನು ಯಾರಾದರೂ ಸುಮ್ಮನೆ ಕೂಡಿಟ್ಟುಕೊಂಡು, ಹತ್ತು ವರ್ಷದ ಮೇಲೆ ನಿಮ್ಮ ಪ್ರೈವೇಟ್ ಕೀಯನ್ನೂ ಅದನ್ನು ಕಾಯುವ ಉದ್ದದ ಪಾಸ್‌ವರ್ಡ್ ಆದ ಪಾಸ್‌ಫ್ರೇಸನ್ನೂ ಕದ್ದರೆ, ಹತ್ತು ವರ್ಷದ ಕಾಗದವೂ ಒಟ್ಟಿಗೇ ತೆರೆದುಕೊಳ್ಳುತ್ತದೆ. ಸಿಗ್ನಲ್‌ನಂಥ ಸಂದೇಶ ಆ್ಯಪ್‌ಗಳು ಕೀಯನ್ನು ಬದಲಾಯಿಸುತ್ತಾ, ಹಳೆಯದನ್ನು ಅಳಿಸುತ್ತಾ ಹೋಗುತ್ತವೆ. ಇವತ್ತಿನ ಕೀ ಸಿಕ್ಕರೂ ನಿನ್ನೆ ಹಿಡಿದಿಟ್ಟುಕೊಂಡ ಸಂದೇಶ ತೆರೆಯುವುದಿಲ್ಲ. ಇಬ್ಬರೇ ಆಡುವ ಸೂಕ್ಷ್ಮ ಮಾತಿಗೆ ನಾನು ಈಗ ಅದನ್ನೇ ಹೇಳುವುದು. ಈಮೇಲ್‌ನಲ್ಲೇ ಆಗಬೇಕಾದ ದಾಖಲೆ, ವರದಿ, ಕರಾರುಗಳಿಗೆ ಪಿಜಿಪಿ.

ಬೀಗ ಹಾಕಿಕೊಡುವ ಸೇವೆಗಳು

ಇಷ್ಟೆಲ್ಲ ಬೇಡ ಅನಿಸಿದರೆ ಪ್ರೋಟಾನ್ ಮೇಲ್, ಟ್ಯೂಟಾದಂಥ ಸೇವೆಗಳಿವೆ. ಕೀ ಕೆಲಸವನ್ನು ಅವೇ ನೋಡಿಕೊಳ್ಳುತ್ತವೆ. ಹೊಸಬರಿಗೆ ಒಳ್ಳೆಯ ದಾರಿ. ಆದರೆ ಮಿತಿ ತಿಳಿದಿರಲಿ. ಪ್ರೋಟಾನ್‌ನಲ್ಲಿ ಎರಡೂ ಕಡೆ ಪ್ರೋಟಾನ್ ಇದ್ದರೆ ಬೀಗ ತಾನಾಗಿ ಬೀಳುತ್ತದೆ. ಹೊರಗಿನ ಮಾಮೂಲಿ ವಿಳಾಸಕ್ಕೆ ಸುಮ್ಮನೆ ಕಳಿಸಿದರೆ ಬೀಳುವುದಿಲ್ಲ, ಅದಕ್ಕೆ ಪಾಸ್‌ವರ್ಡ್ ಅಥವಾ ಪಿಜಿಪಿ ಬೇಕು. ವಿಷಯದ ಸಾಲಿಗೆ ಅಲ್ಲೂ ಎಂಡ್-ಟು-ಎಂಡ್ ಬೀಗ ಇಲ್ಲ. 2021ರಲ್ಲಿ ಸ್ವಿಸ್ ಅಧಿಕಾರಿಗಳ ಆದೇಶದ ಮೇಲೆ ಪ್ರೋಟಾನ್ ಫ್ರಾನ್ಸಿನ ಹವಾಮಾನ ಹೋರಾಟಗಾರರೊಬ್ಬರ ಐಪಿ ವಿಳಾಸವನ್ನು, ಅಂದರೆ ಅವರ ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆಯನ್ನು, ದಾಖಲಿಸಿ ಕೊಡಬೇಕಾಯಿತು. ಕಾಗದಗಳ ಒಳಗಿನ ಮಾತು ಕೊಡಲಿಲ್ಲ, ಅದು ಅವರಿಗೇ ಓದಲು ಬರುತ್ತಿರಲಿಲ್ಲ. ಬೀಗ ಏನನ್ನು ಕಾಯುತ್ತದೆ, ಏನನ್ನು ಕಾಯುವುದಿಲ್ಲ ಅನ್ನುವುದು ಈ ಒಂದು ಘಟನೆಯಲ್ಲೇ ಕಾಣುತ್ತದೆ. ಹಷ್‌ಮೇಲ್ ಎಂಬ ಇಂಥದ್ದೇ ಇನ್ನೊಂದು ಸೇವೆಯ ಕತೆ ಬೇರೆ. ಅದರ ವೆಬ್ ಸೇವೆಯಲ್ಲಿ ಬೀಗ ತೆರೆಯುವ ಕೆಲಸ ಸರ್ವರ್‌ನಲ್ಲೇ ನಡೆಯುತ್ತಿತ್ತು. ಹಾಗಾಗಿ ನ್ಯಾಯಾಲಯದ ಆದೇಶ ಬಂದಾಗ ತೆರೆದ ಕಾಗದಗಳನ್ನೇ ಕೊಟ್ಟಿತು ಅನ್ನುವುದು 2007ರಲ್ಲಿ ಹೊರಬಂತು. ಲವಾಬಿಟ್ ಎಂಬ ಈಮೇಲ್ ಸೇವೆ ನಡೆಸುತ್ತಿದ್ದ ಲಡಾರ್ ಲೆವಿಸನ್ ಅಮೆರಿಕದ ಎಫ್‌ಬಿಐ ಕೀ ಕೇಳಿದಾಗ 2013ರ ಆಗಸ್ಟಿನಲ್ಲಿ ತಮ್ಮ ಸೇವೆಯನ್ನೇ ಮುಚ್ಚಿದರು. ಯಾವುದೇ ಸೇವೆ ಸೇರುವ ಮುನ್ನ ಕೇಳಬೇಕಾದ ಪ್ರಶ್ನೆ ಇದು: ಕೀ ಎಲ್ಲಿ ಇರುತ್ತದೆ, ತೆರೆಯುವುದು ಯಾವ ಕಂಪ್ಯೂಟರ್‌ನಲ್ಲಿ?

ಇದೆಲ್ಲ ತಲೆಗೆ ಹತ್ತುತ್ತಿಲ್ಲ ಅನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. 1999ರಲ್ಲಿ ಆಲ್ಮಾ ವಿಟನ್ ಮತ್ತು ಡಗ್ ಟೈಗರ್ ಎಂಬ ಸಂಶೋಧಕರು 12 ಜನರ ಕೈಗೆ ಪಿಜಿಪಿ ಕೊಟ್ಟು 90 ನಿಮಿಷ ಸಮಯ ಕೊಟ್ಟರು. ಸರಿಯಾಗಿ ಸಹಿ ಮಾಡಿ, ಬೀಗ ಹಾಕಿ ಕಳಿಸಲು ಆದದ್ದು ಮೂರರಲ್ಲಿ ಒಂದು ಪಾಲು ಜನರಿಗೆ ಮಾತ್ರ. ಮೂವರು ಗುಟ್ಟಿನ ಮಾತನ್ನು ಗೊತ್ತಿಲ್ಲದೆ ತೆರೆದೇ ಕಳಿಸಿಬಿಟ್ಟಿದ್ದರು. 2012ರ ಕೊನೆಯಲ್ಲಿ, ಅಮೆರಿಕದ ಗುಟ್ಟಿನ ಕಣ್ಗಾವಲನ್ನು ಮುಂದೆ ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ಹೆಸರು ಹೇಳದೆ ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡ್‌ಗೆ ಬರೆದು ಪಿಜಿಪಿ ಹಾಕಿಕೊಳ್ಳಿ ಅಂತ ಕೇಳಿದರು. ಗ್ರೀನ್‌ವಾಲ್ಡ್ ಹಾಕಿಕೊಳ್ಳಲೇ ಇಲ್ಲ. ಕೊನೆಗೆ ಸ್ನೋಡೆನ್ ಪಿಜಿಪಿ ಬಳಸಲು ಬರುತ್ತಿದ್ದ ಸಾಕ್ಷ್ಯಚಿತ್ರ ನಿರ್ದೇಶಕಿ ಲಾರಾ ಪಾಯಿಟ್ರಾಸ್ ಅವರನ್ನು ಹುಡುಕಿಕೊಂಡು ಹೋದರು. ಕಷ್ಟ ಇದ್ದದ್ದು ಸಾಧನದಲ್ಲಿ, ಬಳಸಿದವರ ಬುದ್ಧಿಯಲ್ಲಿ ಅಲ್ಲ.

ಪಿಜಿಪಿ ಬೇಡವೇ ಬೇಡ ಅನ್ನುವವರು ಫೈಲನ್ನು ಪಾಸ್‌ವರ್ಡ್ ಹಾಕಿದ ಜಿಪ್ ಮಾಡಿ ಕಳಿಸುತ್ತಾರೆ. ತುರ್ತಿಗೆ ತಪ್ಪಲ್ಲ. ಪಾಸ್‌ವರ್ಡನ್ನು ಅದೇ ಈಮೇಲ್‌ನಲ್ಲಿ ಬರೆಯದೆ ಫೋನಿನಲ್ಲಿ ಹೇಳಿ. ಜಿಪ್ ಒಳಗಿನ ಫೈಲಿನ ಹೆಸರು ಪಾಸ್‌ವರ್ಡ್ ಇಲ್ಲದೆಯೂ ಕಾಣುತ್ತದೆ, ಅದನ್ನೂ ಬದಲಾಯಿಸಿ. ಮತ್ತೆ ಅದೇ ವಿಷಯದ ಸಾಲಿನ ಕತೆ.

ಕೊನೆಯದಾಗಿ ಕೀ ಕಳೆದುಹೋಗುವ ವಿಷಯ. ಈಮೇಲ್ ಪಾಸ್‌ವರ್ಡ್ ಮರೆತರೆ ಕಂಪನಿ ಹೊಸದು ಕೊಡುತ್ತದೆ. ಪ್ರೈವೇಟ್ ಕೀ ಕಳೆದರೆ ಕೊಡುವವರು ಯಾರೂ ಇಲ್ಲ. ಅದರ ಬೀಗ ಬಿದ್ದ ಕಾಗದಗಳೆಲ್ಲ ಶಾಶ್ವತವಾಗಿ ಮುಚ್ಚಿಹೋಗುತ್ತವೆ. ಅದಕ್ಕೇ ಕೀ ಮಾಡಿದ ದಿನವೇ ಒಂದು ಪೆನ್‌ಡ್ರೈವ್‌ನಲ್ಲಿ ಪ್ರತಿ ತೆಗೆದಿಡಿ. ಕೀಗೆ ಎರಡು ವರ್ಷದ ಗಡುವು ಹಾಕಿ, ಬೇಕಾದಾಗ ಮುಂದಕ್ಕೆ ಹಾಕಬಹುದು. 'ಈ ಕೀ ಇನ್ನು ನನ್ನದಲ್ಲ' ಅಂತ ಸಾರುವ ರದ್ದು ಪತ್ರವನ್ನೂ ಮಾಡಿ ಅಚ್ಚು ಹಾಕಿಡಿ. ನನ್ನದು ಬೀರುವಿನ ಮೇಲಿನ ಖಾನೆಯಲ್ಲಿ, ಪಾಸ್‌ಪೋರ್ಟಿನ ಪಕ್ಕದಲ್ಲಿದೆ. ನನಗೇನಾದರೂ ಆದರೆ ಅದನ್ನು ತೆಗೆದು ಅಣ್ಣನಿಗೆ ಕೊಡಬೇಕು ಅಂತ ಅಕ್ಕನಿಗೆ ಹೇಳಿಟ್ಟಿದ್ದೇನೆ.